ಸ್ನೇಕ್ ಪ್ಲಾಂಟ್: ನೀರು ಕಡಿಮೆ ಆಗಿ ಅಲ್ಲ, ಜಾಸ್ತಿ ಆಗಿ ಸಾಯೋ ಗಿಡ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಬಾಡಿಗೆ ಮನೆಯ ಖರ್ಚು ವೆಚ್ಚದ ಬಗ್ಗೆ ಮಾಡಿದ ಸಂಚಿಕೆಯಲ್ಲಿ ನಡುವೆ ಒಂದು ಮಾತು ಬಂದಿತ್ತು. ಕಡಿಮೆ ದುಡ್ಡಲ್ಲಿ, ಕಡಿಮೆ ಕೆಲಸದಲ್ಲಿ ಮನೆಯೊಳಗೆ ಹಸಿರು ಬೇಕು ಅಂದ್ರೆ ಸ್ನೇಕ್ ಪ್ಲಾಂಟ್ ಇಟ್ಕೊಳ್ಳಿ ಅಂತ. ಅದಾದ ಮೇಲೆ ಬಂದ ಮೆಸೇಜ್‌ಗಳಲ್ಲಿ ಖರ್ಚಿನ ಬಗ್ಗೆ ಇದ್ದದ್ದಕ್ಕಿಂತ ಗಿಡದ ಬಗ್ಗೆ ಇದ್ದದ್ದೇ ಜಾಸ್ತಿ! "ದಿನಾ ನೀರು ಹಾಕ್ತೀನಿ, ಆದ್ರೂ ಎಲೆ ಬಾಗ್ತಾ ಇದೆ" ಅಂತ ಕೆಲವರು. "ಮನೇಲಿ ಬೆಕ್ಕಿದೆ, ಇಡಬಹುದಾ?" ಅಂತ ಇನ್ನು ಕೆಲವರು.

ಒಂದು ಮೆಸೇಜ್ ಮಾತ್ರ ನನ್ನನ್ನ ಸ್ವಲ್ಪ ಹೊತ್ತು ಯೋಚಿಸೋ ಹಾಗೆ ಮಾಡ್ತು. ಆ ಕೇಳುಗರ ತಂದೆಗೆ ಉಬ್ಬಸ. ಈ ಗಿಡ ರಾತ್ರಿ ಪೂರ್ತಿ ಆಮ್ಲಜನಕ ಬಿಡುತ್ತೆ, ಗಾಳಿ ಶುದ್ಧ ಮಾಡುತ್ತೆ ಅಂತ ಯಾರೋ ಹೇಳಿದ್ರಂತೆ. ಮಲಗೋ ಕೋಣೆಯಲ್ಲಿ ಆರು ಕುಂಡ ಇಟ್ಟಿದ್ದಾರೆ. ಗಿಡ ಇದೆಯಲ್ಲ ಅಂತ ಕಿಟಕಿ ತೆಗೆಯೋದನ್ನೇ ನಿಲ್ಲಿಸಿದ್ದಾರೆ. "ಇನ್ನೆಷ್ಟು ಗಿಡ ಬೇಕು?" ಅನ್ನೋದು ಅವರ ಪ್ರಶ್ನೆ.

ಹಾಗಾಗಿ ಇವತ್ತಿನ ಸಂಚಿಕೆ ಪೂರ್ತಿ ಈ ಗಿಡಕ್ಕೇ ಮೀಸಲು. ನಾನು ಓದಿದ್ದು ಬಿ.ಕಾಂ. ಆದ್ರೆ ಈ ಗಿಡ ಒಳಗೆ ಹೇಗೆ ಕೆಲಸ ಮಾಡುತ್ತೆ ಅಂತ ಓದ್ತಾ ಹೋದಾಗ ಅನ್ನಿಸಿದ್ದು, ಇದರ ಲೆಕ್ಕ ನಮಗೆ ಚೆನ್ನಾಗೇ ಅರ್ಥ ಆಗೋ ಲೆಕ್ಕ ಅಂತ. ಉಳಿತಾಯ ಜಾಸ್ತಿ, ಖರ್ಚು ಕಡಿಮೆ. ಅಷ್ಟೇ.

ಇದರ ಊರು ಯಾವುದು?

ನಾವು ನರ್ಸರಿಯಲ್ಲಿ ಕೊಳ್ಳೋ ಸಾಮಾನ್ಯ ಸ್ನೇಕ್ ಪ್ಲಾಂಟ್‌ನ ಮೂಲ ಪಶ್ಚಿಮ ಆಫ್ರಿಕಾ, ನೈಜೀರಿಯಾದಿಂದ ಕಾಂಗೋವರೆಗಿನ ಭಾಗ. ತುಂಬಾ ವರ್ಷ ಇದನ್ನ ಸಾನ್ಸೆವೇರಿಯಾ ಅಂತ ಕರೀತಿದ್ರು. ವಂಶವಾಹಿ ಅಧ್ಯಯನಗಳ ಆಧಾರದ ಮೇಲೆ 2017ರಲ್ಲಿ ಇದನ್ನ ಡ್ರಸೀನಾ ಕುಲಕ್ಕೆ ಸೇರಿಸಿದ್ರು. ಈಗಿನ ಹೆಸರು ಡ್ರಸೀನಾ ಟ್ರೈಫ್ಯಾಸಿಯಾಟಾ. ನರ್ಸರಿಯವರು ಮಾತ್ರ ಇನ್ನೂ ಹಳೇ ಹೆಸರನ್ನೇ ಹೇಳ್ತಾರೆ, ಅದರಲ್ಲಿ ತಪ್ಪೇನಿಲ್ಲ. ಎಲೆ ಉದ್ದ, ಚೂಪು ಅಂತ ಇಂಗ್ಲಿಷ್‌ನವರು ಇದಕ್ಕೆ ಅತ್ತೆಯ ನಾಲಿಗೆ ಅಂತಲೂ ಹೆಸರಿಟ್ಟಿದ್ದಾರೆ. ಪಾಪ, ಅತ್ತೆಯಂದಿರು ಯಾವ ದೇಶಕ್ಕೆ ಹೋದ್ರೂ ತಪ್ಪಿಸಿಕೊಳ್ಳೋ ಹಾಗಿಲ್ಲ.

ಇದರ ಹತ್ತಿರದ ನೆಂಟ ನಮ್ಮ ದೇಶದಲ್ಲೂ ಇದೆ. ಸಾನ್ಸೆವೇರಿಯಾ ರಾಕ್ಸ್‌ಬರ್ಗಿಯಾನಾ ಅಂತ ಅದರ ಹಳೇ ಹೆಸರು. ಅದರ ಎಲೆಯಲ್ಲಿ ಗಟ್ಟಿ ನಾರಿದೆ. ಸಂಸ್ಕೃತದಲ್ಲಿ ಬಿಲ್ಲಿನ ಹೆದೆಗೆ ಮೌರ್ವಿ ಅಂತಾರಲ್ಲ, ಆ ಪದ ಬಂದಿದ್ದು ಮೂರ್ವಾ ಅನ್ನೋ ನಾರಿನ ಗಿಡದಿಂದ. ಆ ಮೂರ್ವಾ ಇದೇ ಗಿಡ ಅಂತ ಗುರುತಿಸೋರು ಇದ್ದಾರೆ. ಅಂದ್ರೆ ಈ ಜಾತಿಯ ಗಿಡಗಳು ಷೋಕಿಗೆ ಹುಟ್ಟಿದವಲ್ಲ. ಒಣ ನೆಲದಲ್ಲಿ, ಮಳೆ ಬಂದಾಗ ಕುಡಿದು ಉಳಿದ ದಿನ ತಡ್ಕೊಂಡು ಬದುಕೋಕೆ ರೂಪುಗೊಂಡವು.

ರಾತ್ರಿ ಸರಕು, ಹಗಲು ಅಡುಗೆ

ಬೆಂಗಳೂರಿನ ಕೆ.ಆರ್. ಮಾರ್ಕೆಟ್ ನೆನಪು ಮಾಡ್ಕೊಳ್ಳಿ. ತರಕಾರಿ, ಹೂವಿನ ಗಾಡಿಗಳು ಬರೋದು ರಾತ್ರಿ ಮತ್ತು ನಸುಕಿನಲ್ಲಿ. ಬಿಸಿಲೇರೋ ಹೊತ್ತಿಗೆ ಸರಕು ಒಳಗಿರುತ್ತೆ. ಈ ಗಿಡವೂ ಹಾಗೇ.

ಗಿಡ ಆಹಾರ ತಯಾರಿಸೋಕೆ ಇಂಗಾಲದ ಡೈಆಕ್ಸೈಡ್ ಬೇಕು. ಅದು ಒಳಗೆ ಬರೋದು ಎಲೆಯ ಮೇಲಿರೋ ಸಣ್ಣ ಸಣ್ಣ ರಂಧ್ರಗಳಿಂದ. ಹೆಚ್ಚಿನ ಗಿಡಗಳು ಆ ರಂಧ್ರಗಳನ್ನ ಹಗಲು ಹೊತ್ತು ತೆಗೀತಾವೆ. ಬಾಗಿಲು ತೆಗೆದಾಗ ಒಳಗಿನ ನೀರೂ ಆವಿಯಾಗಿ ಹೊರಗೆ ಹೋಗುತ್ತೆ. ಬಿಸಿಲಲ್ಲಿ ತುಳಸಿ ಬಾಡೋದು ನೋಡಿದ್ದೀರಲ್ಲ?

ಸ್ನೇಕ್ ಪ್ಲಾಂಟ್ ಬಾಗಿಲು ತೆಗೆಯೋದು ಮುಖ್ಯವಾಗಿ ರಾತ್ರಿ, ತಂಪಿನಲ್ಲಿ. ಆಗ ಇಂಗಾಲದ ಡೈಆಕ್ಸೈಡ್ ಒಳಗೆ ಎಳ್ಕೊಂಡು, ಅದನ್ನ ಆಮ್ಲದ ರೂಪದಲ್ಲಿ ಎಲೆಯಲ್ಲೇ ಕೂಡಿಡುತ್ತೆ. ಬೆಳಗಾದ ಮೇಲೆ ಬಾಗಿಲು ಹಾಕಿ, ಬೆಳಕು ಬಳಸ್ಕೊಂಡು ಆ ದಾಸ್ತಾನಿನಿಂದ ಸಕ್ಕರೆ ಮಾಡುತ್ತೆ. ಕಳ್ಳಿ, ಕತ್ತಾಳೆ, ಅನಾನಸ್ ಕೂಡ ಇದೇ ದಾರಿ ಹಿಡಿದವು. ಇದರಿಂದ ನೀರಿನ ನಷ್ಟ ತುಂಬಾ ಕಡಿಮೆ. ಜೊತೆಗೆ ದಪ್ಪ ಎಲೆಯಲ್ಲಿ ಒಂದು ಟ್ಯಾಂಕು, ಮಣ್ಣಿನೊಳಗಿನ ಗೆಡ್ಡೆಯಂಥ ಕಾಂಡದಲ್ಲಿ ಇನ್ನೊಂದು ಟ್ಯಾಂಕು.

ಇಷ್ಟು ಉಳಿತಾಯ ಇರೋ ಗಿಡಕ್ಕೆ ದಿನಾ ಒಂದು ಲೋಟ ನೀರು ಹಾಕಿದ್ರೆ ಏನಾಗುತ್ತೆ? ಕುಡಿಯಲ್ಲ. ನೀರು ಮಣ್ಣಲ್ಲೇ ನಿಲ್ಲುತ್ತೆ. ಮಣ್ಣಿನ ಕಣಗಳ ನಡುವೆ ಗಾಳಿ ಇರಬೇಕಾದ ಜಾಗದಲ್ಲೆಲ್ಲ ನೀರು ತುಂಬುತ್ತೆ. ಬೇರಿಗೂ ಉಸಿರಾಡೋಕೆ ಆಮ್ಲಜನಕ ಬೇಕು. ಅದು ಸಿಗದೆ ಬೇರು ಸಾಯುತ್ತೆ, ಸತ್ತ ಬೇರಿಗೆ ಶಿಲೀಂಧ್ರ ಹತ್ತುತ್ತೆ, ಕೊಳೆ ಗೆಡ್ಡೆಗೆ ಏರುತ್ತೆ. ಮನೆಯೊಳಗಿನ ಸ್ನೇಕ್ ಪ್ಲಾಂಟ್‌ಗಳು ಸಾಯೋದು ಹೆಚ್ಚಾಗಿ ಹೀಗೆ.

ನೀರು ಯಾವಾಗ?

"ವಾರಕ್ಕೊಂದು ಸಲ" ಅಂತ ಹೇಳಿಬಿಡಬಹುದು, ಕೇಳೋಕೂ ಸುಲಭ. ಆದ್ರೆ ಜುಲೈ ತಿಂಗಳ ಮಂಗಳೂರಿಗೂ ಏಪ್ರಿಲ್ ತಿಂಗಳ ಕಲಬುರಗಿಗೂ ಒಂದೇ ಕ್ಯಾಲೆಂಡರ್ ಹೇಗೆ ನಡೆಯುತ್ತೆ? ಅಲ್ಲಿ ಗೋಡೆಯೇ ಬೆವರುತ್ತೆ, ಇಲ್ಲಿ ಒಗೆದ ಬಟ್ಟೆ ಅರ್ಧ ಗಂಟೆಯಲ್ಲಿ ಒಣಗುತ್ತೆ.

ಹಾಗಾಗಿ ತಾರೀಖು ನೋಡಬೇಡಿ, ಮಣ್ಣು ನೋಡಿ. ಪೊರಕೆ ಕಡ್ಡಿಗಿಂತ ಸ್ವಲ್ಪ ದಪ್ಪ ಇರೋ ಒಂದು ಒಣ ಮರದ ಕಡ್ಡಿ ತಗೊಳ್ಳಿ. ಕುಂಡದ ಅಂಚಿನ ಹತ್ತಿರ ಆಳಕ್ಕೆ ಚುಚ್ಚಿ, ಐದು ನಿಮಿಷ ಬಿಟ್ಟು ಹೊರಗೆ ತೆಗೀರಿ. ಇಡ್ಲಿ ಬೆಂದಿದೆಯಾ ಅಂತ ನೋಡ್ತೀವಲ್ಲ, ಅದೇ ಥರ. ಮಣ್ಣು ಅಂಟಿಕೊಂಡು ಬಂದ್ರೆ, ಕಡ್ಡಿ ತೇವ ಆಗಿದ್ರೆ ಇನ್ನೂ ಬೇಡ. ಒಣಗೇ ಬಂದ್ರೆ ನೀರು ಹಾಕೋ ದಿನ ಬಂತು ಅಂತ. ಕುಂಡ ಎತ್ತಿ ನೋಡೋದೂ ಒಳ್ಳೇ ಅಭ್ಯಾಸ. ನೀರು ಹಾಕಿದ ದಿನದ ಭಾರ ಒಮ್ಮೆ ಕೈಗೆ ಗೊತ್ತಾದ್ರೆ, ಒಣಗಿದಾಗಿನ ಹಗುರ ತಾನಾಗೇ ತಿಳಿಯುತ್ತೆ.

ಹಾಕೋ ದಿನ ಪೂರ್ತಿ ಹಾಕಿ. ತಳದ ತೂತಿನಿಂದ ನೀರು ಹೊರಗೆ ಬರೋ ತನಕ ಹಾಕಿ, ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ. ದಿನಾ ಎರಡೆರಡು ಚಮಚ ಹಾಕಿದ್ರೆ ಕೆಳಗಿನ ಬೇರಿಗೆ ಸರಿಯಾಗಿ ಸಿಗಲ್ಲ, ಮೇಲಿನ ಮಣ್ಣು ಮಾತ್ರ ಸದಾ ಒದ್ದೆ ಇರುತ್ತೆ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಲ್ಲೋ ಹಾಗೆ ಸುರೀಬೇಡಿ, ಅಲ್ಲೂ ಕೊಳೆಯೋಕೆ ಶುರುವಾಗುತ್ತೆ.

ಬೆಂಗಳೂರಿನಂಥ ಹವೆಯಲ್ಲಿ, ಕಿಟಕಿ ಹತ್ತಿರ ಇರೋ ಗಿಡಕ್ಕೆ ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ, ಮಳೆಗಾಲ ಮತ್ತು ಚಳಿಯಲ್ಲಿ ತಿಂಗಳಿಗೊಮ್ಮೆ ಸಾಕಾಗಬಹುದು. ಇದು ಅಂದಾಜು ಮಾತ್ರ, ಕೊನೇ ತೀರ್ಪು ಕಡ್ಡಿಯದ್ದು. ಹತ್ತು ದಿನ ಊರಿಗೆ ಹೋಗ್ತಿದ್ದೀರಾ? ಪಕ್ಕದ ಮನೆಯವರಿಗೆ ಕೀ ಕೊಟ್ಟು "ದಿನಾ ನೀರು ಹಾಕಿ" ಅನ್ನಬೇಡಿ. ಅವರ ಪ್ರೀತಿಯೇ ಗಿಡಕ್ಕೆ ಕಂಟಕ ಆದೀತು.

ಕುಂಡ ಮತ್ತು ಮಣ್ಣು

ಚಂದದ ಪಿಂಗಾಣಿ ಕುಂಡ ನೋಡಿ ತರ್ತೀವಿ, ತಳ ತಿರುಗಿಸಿ ನೋಡಲ್ಲ. ತೂತು ಇಲ್ಲದ ಕುಂಡ ಈ ಗಿಡಕ್ಕೆ ಬಾವಿ ಇದ್ದ ಹಾಗೆ. ಅದೇ ಕುಂಡ ಬೇಕೇ ಬೇಕು ಅಂದ್ರೆ, ತೂತಿರೋ ಪ್ಲಾಸ್ಟಿಕ್ ಕುಂಡದಲ್ಲಿ ಗಿಡ ನೆಟ್ಟು ಅದನ್ನ ಇದರೊಳಗೆ ಇಡಿ. ನೀರು ಹಾಕೋವಾಗ ಹೊರಗೆ ತೆಗೆದು ಹಾಕಿ, ಸೋರಿ ನಿಂತ ಮೇಲೆ ವಾಪಸ್ ಇಡಿ. ಎಲ್ಲಕ್ಕಿಂತ ಒಳ್ಳೇದು ಸಾದಾ ಮಣ್ಣಿನ ಕುಂಡ. ಅದರ ಗೋಡೆಯಿಂದಲೂ ತೇವ ಆರುತ್ತೆ, ಬೆಲೆಯೂ ಕಡಿಮೆ.

ತೂತಿಲ್ಲದ ಕುಂಡದ ತಳಕ್ಕೆ ಜಲ್ಲಿ ಹಾಕಿದ್ರೆ ಸಾಕು ಅಂತ ಹೇಳೋರಿದ್ದಾರೆ. ಸಾಕಾಗಲ್ಲ. ಮಣ್ಣಿನ ನೀರು ಅಷ್ಟು ಸುಲಭವಾಗಿ ಜಲ್ಲಿಗೆ ಇಳಿಯಲ್ಲ, ಜಲ್ಲಿಯ ಮೇಲಿನ ಮಣ್ಣಿನಲ್ಲೇ ನಿಲ್ಲುತ್ತೆ. ಒದ್ದೆ ಮಣ್ಣು ಬೇರಿಗೆ ಇನ್ನಷ್ಟು ಹತ್ತಿರ ಬಂದ ಹಾಗಾಯ್ತು.

ಮಣ್ಣು ಬೇಗ ಬಸಿಯೋ ಹಾಗಿರಬೇಕು. ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ದಪ್ಪ ಮರಳು, ಒಂದು ಪಾಲು ಎರೆಗೊಬ್ಬರ ಸಾಕು. ಎಂ-ಸ್ಯಾಂಡ್ ಬಳಸೋದಾದ್ರೆ ಜರಡಿ ಹಿಡಿದು ನುಣ್ಣಗಿನ ಪುಡಿ ತೆಗೀರಿ. ಆ ಪುಡಿ ಒದ್ದೆಯಾದ್ರೆ ಗಟ್ಟಿಯಾಗಿ ಕೂತ್ಕೊಳ್ಳುತ್ತೆ. ನರ್ಸರಿಯಿಂದ ತಂದ ಗಿಡ ಬರೀ ತೆಂಗಿನ ನಾರಿನ ಪುಡಿಯಲ್ಲಿ ಇದ್ರೆ, ಅಂದ್ರೆ ಕೋಕೋಪೀಟ್‌ನಲ್ಲಿ, ಅದು ತುಂಬಾ ದಿನ ತೇವ ಹಿಡ್ಕೊಳ್ಳುತ್ತೆ ಅನ್ನೋದು ನೆನಪಿರಲಿ.

ಎರಡು ಮೂರು ವರ್ಷಕ್ಕೊಮ್ಮೆ ಕುಂಡ ಬದಲಿಸಿದ್ರೆ ಸಾಕು. ಈಗಿರೋದಕ್ಕಿಂತ ಒಂದೆರಡು ಇಂಚು ದೊಡ್ಡದು ಸಾಕು. ಚಿಕ್ಕ ಗಿಡಕ್ಕೆ ದೊಡ್ಡ ಕುಂಡ ಕೊಟ್ರೆ, ಬೇರು ಮುಟ್ಟದ ಮಣ್ಣೆಲ್ಲ ಒದ್ದೆಯಾಗೇ ಉಳಿಯುತ್ತೆ. ಗೊಬ್ಬರ ವರ್ಷಕ್ಕೆ ಎರಡು ಮೂರು ಸಲ, ಒಂದು ಹಿಡಿ.

ಬೆಳಕು: ತಡ್ಕೊಳ್ಳೋದು ಬೇರೆ, ಇಷ್ಟಪಡೋದು ಬೇರೆ

"ಕತ್ತಲಲ್ಲೂ ಬೆಳೆಯುತ್ತೆ" ಅನ್ನೋ ಮಾತು ಕೇಳಿರ್ತೀರಿ. ಮಂದ ಬೆಳಕನ್ನ ಈ ಗಿಡ ತುಂಬಾ ದಿನ ತಡ್ಕೊಳ್ಳುತ್ತೆ, ನಿಜ. ಆದ್ರೆ ಬೆಳಕಿಲ್ಲದೆ ಆಹಾರ ತಯಾರಾಗಲ್ಲ. ಕಿಟಕಿ ಇಲ್ಲದ ಬಾತ್‌ರೂಮಿನಲ್ಲಿ ಇಟ್ರೆ ಅದು ಕೂಡಿಟ್ಟ ಗಂಟು ಕರಗಿಸ್ತಾ ದಿನ ದೂಡ್ತಾ ಇರುತ್ತೆ, ಅಷ್ಟೇ. ಹೊಸ ಎಲೆ ಸಣ್ಣಗೆ, ಪೇಲವವಾಗಿ ಬರುತ್ತೆ.

ಇದಕ್ಕೆ ಇಷ್ಟ ಆಗೋದು ಕಿಟಕಿ ಪಕ್ಕದ ಒಳ್ಳೇ ಬೆಳಕು. ಬೆಳಗಿನ ಎಳೆ ಬಿಸಿಲೂ ಸರಿ. ಒಳಗಿದ್ದ ಗಿಡವನ್ನ ಏಕಾಏಕಿ ಮಧ್ಯಾಹ್ನದ ಟೆರೇಸ್ ಬಿಸಿಲಿಗೆ ಇಟ್ರೆ ಎಲೆ ಸುಡುತ್ತೆ, ಆ ಕಲೆ ಮತ್ತೆ ಹೋಗಲ್ಲ. ವಾರ ಹತ್ತು ದಿನ ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಿಸಿ.

ಬೆಳಕಿಗೂ ನೀರಿಗೂ ನೇರ ಸಂಬಂಧ ಇದೆ. ಬೆಳಕು ಕಡಿಮೆ ಇದ್ರೆ ಕೆಲಸ ಕಡಿಮೆ, ಕೆಲಸ ಕಡಿಮೆ ಇದ್ರೆ ನೀರಿನ ಖರ್ಚೂ ಕಡಿಮೆ. ಆಫೀಸ್ ಮೂಲೆಯಲ್ಲಿರೋ ಗಿಡಕ್ಕೆ ಬಾಲ್ಕನಿ ಗಿಡದಷ್ಟೇ ನೀರು ಹಾಕಿದ್ರೆ ಅದು ಕೊಳೆಯೋದು ಖಚಿತ.

ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಲ್ಲಿ ಎಲೆ ಒರೆಸಿ. ಧೂಳು ಕೂತ್ರೆ ಬೆಳಕು ಸರಿಯಾಗಿ ಸಿಗಲ್ಲ. ಒರೆಸೋವಾಗ ಎಲೆ ಬುಡದಲ್ಲಿ ಬಿಳೀ ಹತ್ತಿಯಂಥದ್ದು ಕಂಡ್ರೆ ಅದು ಹಿಟ್ಟು ತಿಗಣೆ. ಹತ್ತಿಗೆ ಸ್ಪಿರಿಟ್ ಮುಟ್ಟಿಸಿ ಒರೆಸಿ ತೆಗೀರಿ, ವಾರ ಬಿಟ್ಟು ಮತ್ತೆ ನೋಡಿ.

ಎಲೆ ಬಾಗಿದಾಗ ಏನು ಮಾಡಬೇಕು?

ಈ ಭಾಗ ಸ್ವಲ್ಪ ಗಮನ ಇಟ್ಟು ಕೇಳಿ, ಯಾಕಂದ್ರೆ ಗಿಡ ಉಳಿಯೋದೂ ಹೋಗೋದೂ ತೀರ್ಮಾನ ಆಗೋದು ಇಲ್ಲೇ.

ನೀರು ತೀರಾ ಕಡಿಮೆಯಾದ್ರೆ ಎಲೆ ತೆಳ್ಳಗಾಗುತ್ತೆ, ಉದ್ದಕ್ಕೆ ಸುಕ್ಕು ಬೀಳುತ್ತೆ, ಒಳಕ್ಕೆ ಮಡಚಿಕೊಳ್ಳುತ್ತೆ. ನೀರು ಜಾಸ್ತಿಯಾಗಿ ಬೇರು ಕೊಳೆತಾಗಲೂ ಎಲೆ ಸುಕ್ಕಾಗಿ ಬಾಗಬಹುದು. ಕುಂಡ ತುಂಬಾ ನೀರಿದೆ, ಕುಡಿಯೋ ಬೇರೇ ಇಲ್ಲ. ನಮ್ಮ ಕಣ್ಣಿಗೆ ಕಾಣೋದು ಬಾಯಾರಿದ ಗಿಡ. ಪಾಪ ಅಂತ ಇನ್ನೊಂದು ಚೊಂಬು ನೀರು ಹಾಕ್ತೀವಿ, ಅಲ್ಲಿಗೆ ಮುಗೀತು.

ಅದಕ್ಕೇ ಎಲೆ ನೋಡಿ ನೀರು ಹಾಕಬೇಡಿ. ಮೊದಲು ಕಡ್ಡಿ ಚುಚ್ಚಿ. ಮಣ್ಣು ಒಣಗಿದ್ದು ಎಲೆ ಸುಕ್ಕಾಗಿದ್ರೆ ಬಾಯಾರಿಕೆ. ಪೂರ್ತಿ ನೀರು ಹಾಕಿ, ಕೆಲವು ದಿನದಲ್ಲಿ ಚೇತರಿಸಿಕೊಳ್ಳುತ್ತೆ. ಮಣ್ಣು ಒದ್ದೆ ಇದ್ದೂ ಎಲೆ ಬಾಗಿದ್ರೆ, ಹಳದಿಯಾಗ್ತಿದ್ರೆ, ಬುಡ ಮೆತ್ತಗಾಗಿದ್ರೆ, ಕೆಟ್ಟ ವಾಸನೆ ಬಂದ್ರೆ ಅದು ಕೊಳೆ.

ಕೊಳೆ ಅಂತ ಗೊತ್ತಾದ ತಕ್ಷಣ ಗಿಡ ಹೊರಗೆ ತೆಗೀರಿ. ಮಣ್ಣು ಕೊಡವಿ ಬೇರು ತೊಳೀರಿ. ಕಂದು, ಕಪ್ಪು ಬಣ್ಣಕ್ಕೆ ತಿರುಗಿ ಕೈಗೆ ಪಿಚಕ್ ಅನ್ನೋ ಭಾಗವನ್ನೆಲ್ಲ ಶುದ್ಧ ಮಾಡಿದ ಚಾಕುವಿನಿಂದ ಕತ್ತರಿಸಿ. ಗಟ್ಟಿ ಇರೋ ಭಾಗ ಉಳಿಸ್ಕೊಳ್ಳಿ. ಎರಡು ಮೂರು ದಿನ ನೆರಳಲ್ಲಿ ಹಾಗೇ ಬಿಡಿ, ಗಾಯ ಒಣಗಲಿ. ಆಮೇಲೆ ಹೊಸ ಒಣ ಮಣ್ಣಲ್ಲಿ ನೆಟ್ಟು, ಒಂದು ವಾರ ಕಳೆದ ಮೇಲೆ ನೀರು ಹಾಕಿ. ಗೆಡ್ಡೆ ಪೂರ್ತಿ ಹೋಗಿದ್ರೂ ಎಲೆಯ ಮೇಲ್ಭಾಗ ಗಟ್ಟಿ ಇದ್ರೆ ಅದನ್ನ ನೆಟ್ಟು ಹೊಸ ಗಿಡ ಮಾಡಬಹುದು.

ಒಂದರಿಂದ ನಾಲ್ಕು

ದುಡ್ಡು ಉಳಿಸೋ ವಿಷಯ ಇಲ್ಲದೆ ನನ್ನ ಸಂಚಿಕೆ ಮುಗಿಯೋದು ಹೇಗೆ? ಒಂದು ಗಿಡ ಕೊಂಡ್ರೆ ಸಾಕು, ಉಳಿದದ್ದು ಮನೇಲೇ ಮಾಡ್ಕೋಬಹುದು.

ಸುಲಭದ ದಾರಿ ಅಂದ್ರೆ ಕುಂಡ ಬದಲಿಸೋವಾಗ ಗೆಡ್ಡೆ ಕತ್ತರಿಸಿ ಬೇರೆ ಮಾಡೋದು. ಪ್ರತಿ ತುಂಡಿಗೂ ಬೇರು ಮತ್ತು ಒಂದೆರಡು ಎಲೆ ಇರಲಿ. ಇನ್ನೊಂದು ದಾರಿ ಎಲೆಯನ್ನ ಮೂರ್ನಾಲ್ಕು ಇಂಚಿನ ತುಂಡು ಮಾಡಿ, ಎರಡು ದಿನ ಒಣಗಿಸಿ ನೆಡೋದು. ಬುಡದ ಕಡೆ ಯಾವುದು ಅಂತ ಗುರುತು ಮಾಡ್ಕೊಳ್ಳಿ. ತಲೆಕೆಳಗಾಗಿ ನೆಟ್ರೆ ಬೇರು ಬರಲ್ಲ. ಬೇರು ಬರೋಕೆ ವಾರಗಳು, ಹೊಸ ಚಿಗುರಿಗೆ ತಿಂಗಳುಗಳು ಬೇಕು. ಅವಸರ ಇದ್ದವರಿಗೆ ಇದು ಆಗಿಬರಲ್ಲ.

ಎಲೆ ಅಂಚಲ್ಲಿ ಹಳದಿ ಪಟ್ಟಿ ಇರೋ ಜಾತಿ ಇದೆಯಲ್ಲ, ಅದನ್ನ ಎಲೆಯಿಂದ ಬೆಳೆಸಿದ್ರೆ ಮರಿಗಿಡದಲ್ಲಿ ಆ ಪಟ್ಟಿ ಇರಲ್ಲ, ಪೂರ್ತಿ ಹಸಿರು ಬರುತ್ತೆ. ಹಳದಿ ಅಂಚು ಬೇಕಂದ್ರೆ ಗೆಡ್ಡೆ ಬೇರ್ಪಡಿಸೋದೊಂದೇ ದಾರಿ.

ಬೆಕ್ಕು, ನಾಯಿ, ಮಗು

ಈ ಗಿಡದ ಎಲೆಯಲ್ಲಿ ಸಾಪೋನಿನ್ ಅನ್ನೋ ಅಂಶ ಇದೆ. ಬೆಕ್ಕು, ನಾಯಿ ಅಗಿದ್ರೆ ಜೊಲ್ಲು, ವಾಂತಿ, ಭೇದಿ ಆಗಬಹುದು. ಮಕ್ಕಳು ಕಚ್ಚಿದ್ರೆ ಬಾಯಿ ಉರಿ, ಹೊಟ್ಟೆ ತೊಳಸೋದು ಆಗಬಹುದು. ಸಾಕುಪ್ರಾಣಿ ತಿಂದಿದ್ದು ಕಂಡ್ರೆ ಪಶುವೈದ್ಯರಿಗೆ, ಮಗು ತಿಂದ್ರೆ ಮಕ್ಕಳ ವೈದ್ಯರಿಗೆ ತೋರಿಸಿ. ಎಲೆ ಅಗಿಯೋ ಅಭ್ಯಾಸ ಇರೋ ಬೆಕ್ಕು ಮನೇಲಿದ್ರೆ, ಅದು ಹತ್ತಲಾಗದ ಜಾಗದಲ್ಲಿಡಿ. ಬೆಕ್ಕು ಹತ್ತಲಾಗದ ಜಾಗವೇ ಇಲ್ಲ ಅಂತೀರಾ? ಹಾಗಾದ್ರೆ ಬೇರೆ ಗಿಡ ನೋಡೋದು ಒಳ್ಳೇದು.

ಗಾಳಿ ಶುದ್ಧ ಮಾಡುತ್ತಾ?

ಈಗ ಆ ಉಬ್ಬಸದ ಪ್ರಶ್ನೆಗೆ ಬರೋಣ.

ಈ ನಂಬಿಕೆಯ ಬೇರು ಇರೋದು 1989ರಲ್ಲಿ. ಅಮೆರಿಕದ ನಾಸಾ ಸಂಸ್ಥೆಗಾಗಿ ಬಿ.ಸಿ. ವುಲ್ವರ್ಟನ್ ಮತ್ತು ಅವರ ಜೊತೆಗಾರರು ಮಾಡಿದ ಪ್ರಯೋಗ ಅದು. ಗಿಡಗಳನ್ನ ಪೂರ್ತಿ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿಟ್ಟು, ಬೆಂಜೀನ್‌ನಂಥ ರಾಸಾಯನಿಕ ಬಿಟ್ಟು, ಎಷ್ಟು ಕಡಿಮೆಯಾಗುತ್ತೆ ಅಂತ ಅಳೆದ್ರು. ಕಡಿಮೆಯಾಯ್ತು, ಅದು ಸುಳ್ಳಲ್ಲ. ಆದ್ರೆ ನಮ್ಮ ಮನೆ ಗಾಳಿ ಆಡದ ಪೆಟ್ಟಿಗೆ ಅಲ್ಲ. ಬಾಗಿಲು, ಕಿಟಕಿ, ಸಂದಿಗಳಿಂದ ಗಾಳಿ ಸದಾ ಬರ್ತಾ ಹೋಗ್ತಾ ಇರುತ್ತೆ.

2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಬ್ರಯನ್ ಕಮಿಂಗ್ಸ್ ಮತ್ತು ಮೈಕಲ್ ವೇರಿಂಗ್ ಇಂಥ ಹಲವು ಪ್ರಯೋಗಗಳ ಅಂಕಿಗಳನ್ನ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದ್ರು. ಕಟ್ಟಡದಲ್ಲಿ ಸಹಜವಾಗಿ ಆಡೋ ಗಾಳಿ ಈ ರಾಸಾಯನಿಕಗಳನ್ನ ಹೊರಹಾಕೋ ಪ್ರಮಾಣಕ್ಕೆ ಗಿಡಗಳು ಸಮ ಆಗಬೇಕಂದ್ರೆ, ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1,000 ಗಿಡ ಬೇಕು ಅಂತ ಬಂತು. ಹತ್ತಡಿ ಹತ್ತಡಿ ಕೋಣೆ ಅಂದ್ರೆ ಸುಮಾರು 9.3 ಚದರ ಮೀಟರ್. ಅತಿ ಕಡಿಮೆ ಲೆಕ್ಕ ಹಿಡಿದ್ರೂ 93 ಗಿಡ. ಮಂಚ ಎಲ್ಲಿಡ್ತೀರಿ?

ರಾತ್ರಿ ಆಮ್ಲಜನಕ ಬಿಡುತ್ತೆ ಅನ್ನೋದು? ರಾತ್ರಿ ಅದು ಬಾಗಿಲು ತೆಗೆಯೋದು ಇಂಗಾಲದ ಡೈಆಕ್ಸೈಡ್ ಒಳಗೆ ತಗೊಳ್ಳೋಕೆ. ಆಮ್ಲಜನಕ ತಯಾರಾಗೋಕೆ ಬೆಳಕು ಬೇಕು. ಕತ್ತಲಲ್ಲಿ ಆ ಕೆಲಸ ನಡೆಯಲ್ಲ. ಮನುಷ್ಯನೊಬ್ಬನಿಗೆ ದಿನಕ್ಕೆ 500 ಲೀಟರ್‌ಗಿಂತ ಹೆಚ್ಚು ಆಮ್ಲಜನಕ ಬೇಕು. ಹಗಲಲ್ಲಿ ಆರು ಕುಂಡದ ಗಿಡ ಬಿಡೋದು ಅದರ ಮುಂದೆ ಲೆಕ್ಕಕ್ಕೇ ಬರಲ್ಲ.

ಹಾಗಾಗಿ ಆ ಕೇಳುಗರಿಗೆ ನನ್ನ ಉತ್ತರ: ಇನ್ನೊಂದು ಗಿಡವೂ ಬೇಡ. ಹೊರಗೆ ಧೂಳು, ಹೊಗೆ ಕಡಿಮೆ ಇರೋ ಹೊತ್ತು ನೋಡಿ ಕಿಟಕಿ ತೆಗೀರಿ. ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆಸಿ. ಮನೆಯೊಳಗೆ ಊದುಬತ್ತಿ, ಸೊಳ್ಳೆಬತ್ತಿ ಹೊಗೆ ಬೇಡ. ಕುಂಡಗಳ ಮಣ್ಣು ಸದಾ ಒದ್ದೆ ಇದ್ರೆ ಅಲ್ಲಿ ಬೂಷ್ಟು ಬೆಳೆಯುತ್ತೆ, ಉಬ್ಬಸ ಇರೋರಿಗೆ ಅದು ತೊಂದರೆ ಮಾಡಬಹುದು. ಅದಕ್ಕೆ ಆರೂ ಕುಂಡಗಳನ್ನ ಹಾಲ್‌ಗೋ ಬಾಲ್ಕನಿಗೋ ಸಾಗಿಸಿ. ಎಲ್ಲಕ್ಕಿಂತ ಮುಖ್ಯ, ವೈದ್ಯರು ಕೊಟ್ಟ ಇನ್‌ಹೇಲರ್ ಗಿಡ ಇದೆ ಅಂತ ಒಂದು ದಿನವೂ ಬಿಡಬೇಡಿ.

ಇಷ್ಟೆಲ್ಲ ಕೇಳಿದ ಮೇಲೆ ಗಿಡದ ಮೇಲೆ ಬೇಜಾರಾಗಬೇಡಿ. ಔಷಧ ಅಲ್ಲದಿದ್ರೆ ಏನಂತೆ, ನೋಡೋಕೆ ಚಂದ ಇದೆ, ವರ್ಷಗಟ್ಟಲೆ ಬದುಕುತ್ತೆ, ಮನೆ ಬದಲಿಸಿದ್ರೆ ಜೊತೆಗೆ ಬರುತ್ತೆ. ಕೇಳೋದು ಬೆಳಕಿರೋ ಜಾಗ, ತೂತಿರೋ ಕುಂಡ, ಒಣಗಿದ ಮೇಲೆ ನೀರು. ಕೈಗೆ ಕೆಲಸ ಕಡಿಮೆ, ಕಣ್ಣಿಗೆ ಮಾತ್ರ ಸ್ವಲ್ಪ ಕೆಲಸ ಕೊಡಿ.

ನಿಮ್ಮ ಮನೆ ಗಿಡ ಹೇಗಿದೆ? ಇವತ್ತು ಒಂದು ಕಡ್ಡಿ ಚುಚ್ಚಿ ನೋಡಿ ಬರೀರಿ. ಮುಂದಿನ ವಾರ ಸಿಗೋಣ. ನಮಸ್ಕಾರ.